ಮಳೆ ಲೆಕ್ಕಕ್ಕೊಂದು ಸಣ್ಣ ಸರ್ವರ್: ಹಳೇ ನೆಟ್‌ಬುಕ್ಕಲ್ಲಿ ಟಿಎಚ್‌ಟಿಟಿಪಿಡಿ ಕಂಪೈಲ್ ಮಾಡಿ ಕೂರಿಸಿದ್ದು

ನಮ್ ತೋಟ ಆಲ್ದೂರಿಂದ ಸ್ವಲ್ಪ ಒಳಗೆ. ಚಿಕ್ಕಮಗಳೂರು ಕಡೆ ಕಾಫಿ ತೋಟ ಇರೋರಿಗೆ ಗೊತ್ತು, ಮಳೆ ಪುಸ್ತಕ ಅಂತ ಒಂದಿರುತ್ತೆ, ಬೆಳಿಗ್ಗೆ 8:30ಕ್ಕೆ ಮಳೆಮಾಪಕದ ನೀರು ಅಳೆದು ಅದ್ರಲ್ಲಿ ಬರೆಯೋದು. ನಮ್ಮನೇಲಿ ಬರೆಯೋರು ದೊಡ್ಡಪ್ಪ. ಲೆಕ್ಕ ಇಂಚು, ಸೆಂಟ್ಸಲ್ಲಿ, ನೂರು ಸೆಂಟ್ಸ್ ಅಂದ್ರೆ ಒಂದಿಂಚು, ಅಂದ್ರೆ 25.4 ಮಿಮೀ. ಕಾಫಿ ಹೂ ಬಿಡಿಸೋ ಹೂಮಳೆ ಟೈಮಲ್ಲಂತೂ ಎಲ್ರಿಗೂ ಇದೇ ಮಾತು, ನಿಮ್ಗೆಷ್ಟು ಬಿತ್ತು, ಆಮೇಲೆ ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ ಬಂತಾ ಇಲ್ವಾ, ಬರದಿದ್ರೆ ಸ್ಪ್ರಿಂಕ್ಲರ್ ಯಾವತ್ತು ಓಡಿಸ್ಬೇಕು ಅಂತ. ಈ ಪುಸ್ತಕದ ಲೆಕ್ಕ ಮನೆಯವ್ರ ಫೋನಲ್ಲೆಲ್ಲಾ ಕಾಣ್ಬೇಕು, ಬೆಂಗ್ಳೂರಲ್ಲಿರೋ ಅಕ್ಕಂಗೂ ಕಾಣ್ಬೇಕು, ಇಷ್ಟೇ ಆಸೆ.

ಆನ್‌ಲೈನ್ ಶೀಟ್ ಒಂದು ಮಾಡಿ ಹಂಚ್ಬೋದಿತ್ತು, ನಿಜ. ಆದ್ರೆ ಮಳೆ ಲೆಕ್ಕ ಜಾಸ್ತಿ ಬೇಕಾಗೋದೇ ಮಳೆ ಜೋರಿರೋವಾಗ, ಲೈನ್ ಕಟ್ಟಾಗೋದೂ ಅವಾಗ್ಲೇ. ಸರ್ವರ್ ಮನೇಲೇ ಇದ್ರೆ ಹೊರಗಿನ ನೆಟ್ ಸತ್ರೂ ಮನೆ ವೈಫೈ ಒಳಗೆ ಪುಟ ತೆರಿಯುತ್ತೆ. ಇನ್ನೊಂದು ಕಾರಣ ನನ್ನದು. ಏನಾದ್ರೂ ಕೆಟ್ರೆ ಒಳಗೆ ಇಣುಕಿ ನೋಡಿ ಅರ್ಥ ಮಾಡ್ಕೊಳ್ಳೋ ಅಷ್ಟು ಸಣ್ಣ ಸಾಫ್ಟ್‌ವೇರ್ ಬೇಕಿತ್ತು. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಒಳ್ಳೇದೇ, ಲಿನಕ್ಸಲ್ಲಿ ಸಾಫ್ಟ್‌ವೇರ್ ತರಿಸೋ ಆಪ್ಟಲ್ಲಿ ಒಂದು ಕಮಾಂಡ್ ಹೊಡೆದ್ರೆ ಬಂದು ಕೂರುತ್ತೆ, ಆದ್ರೆ ಅದ್ರ ಸೋರ್ಸ್ ಕೂತು ಪೂರ್ತಿ ಓದೋದು ನನ್ ಕೈಲಾಗೋ ಕೆಲಸ ಅಲ್ಲ. ಜೆಫ್ ಪೊಸ್ಕಾನ್ಜರ್ ಬರೆದ ಟಿಎಚ್‌ಟಿಟಿಪಿಡಿ ಅನ್ನೋ ಸಣ್ಣ ವೆಬ್ ಸರ್ವರ್ ಹಾಗಲ್ಲ. ಒಂದೇ ಪ್ರೋಸೆಸ್ಸು, ಮುಖ್ಯವಾದ ಸಿ ಫೈಲುಗಳು ಬೆರಳೆಣಿಕೆಯಷ್ಟು. ಎಚ್‌ಟಿಟಿಪಿ ಮಾತಾಡೋದೆಲ್ಲ ಲಿಬ್‌ಎಚ್‌ಟಿಟಿಪಿಡಿ.ಸಿ ಒಳಗೆ, ಯಾವ ಕನೆಕ್ಷನ್ನಿಂದ ಡೇಟಾ ಬಂತು ಅಂತ ಕಾಯೋದು ಎಫ್‌ಡಿವಾಚ್.ಸಿ, ಫೈಲನ್ನ ಮೆಮರಿಗೆ ಮ್ಯಾಪ್ ಮಾಡಿ ಇಟ್ಕೊಳ್ಳೋದು ಎಂಎಂಸಿ.ಸಿ, ಟೈಮರ್ಸ್ ಬೇರೆ, ಪ್ಯಾಟರ್ನ್ ಮ್ಯಾಚಿಂಗ್ ಬೇರೆ. ಎಚ್‌ಟಿಟಿಪಿಎಸ್ ಇದ್ರಲ್ಲಿ ಇಲ್ಲ, ಅದನ್ನ ಕೊನೇಲಿ ಹೊರಗಡೆಯಿಂದ ಕಟ್ಟಿದ್ದೀನಿ.

ಮಷೀನು ಮೂಲೇಲಿ ಬಿದ್ದಿದ್ದ ನೆಟ್‌ಬುಕ್, ಆಟಮ್ ಎನ್270, 1.6 ಗಿಗಾಹರ್ಟ್ಸ್, 1 ಜಿಬಿ ರ‍್ಯಾಮ್. ಇದು 32 ಬಿಟ್ ಪ್ರೊಸೆಸರ್ರು, ಹಂಗಾಗಿ ಲಿನಕ್ಸಲ್ಲಿ ಡೆಬಿಯನ್ 12ನೇ ಹಾಕ್ಬೇಕಾಯ್ತು, 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೇ ಕೊಟ್ಟಿಲ್ಲ. ಹಾರ್ಡ್‌ಡಿಸ್ಕ್ ಶಬ್ದ ಮಾಡ್ತಿತ್ತು, ಚಿಕ್ಕಮಗಳೂರಿಗೆ ಹೋದಾಗ ಎಂಜಿ ರೋಡಲ್ಲಿ ಒಂದು ಸಣ್ಣ ಎಸ್‌ಎಸ್‌ಡಿ ತಂದು ಬದಲಾಯಿಸ್ದೆ. ನೆಟ್‌ಬುಕ್ ಆಯ್ಕೆ ಮಾಡಿದ್ದಕ್ಕೆ ಮುಖ್ಯ ಕಾರಣ ಬ್ಯಾಟರಿ. ಸಣ್ಣ ಬೋರ್ಡ್ ಕಂಪ್ಯೂಟರ್ ಕಮ್ಮಿ ಕರೆಂಟ್ ಎಳೆಯುತ್ತೆ ನಿಜ, ಆದ್ರೆ ಕರೆಂಟ್ ಹೋದ ತಕ್ಷಣ ಧಪ್ ಅಂತ ಆಫ್ ಆಗುತ್ತೆ, ಮಲೆನಾಡಲ್ಲಿ ಜೂನ್, ಜುಲೈಯಲ್ಲಿ ಅದು ದಿನಾ ಇದ್ದದ್ದೇ.

"ಕರೆಂಟ್ ಹೋದ್ರೂ ಇದು ಇರುತ್ತೇನೋ?" ಅಂದ್ರು ದೊಡ್ಡಪ್ಪ.

"ಸ್ವಲ್ಪ ಹೊತ್ತು ಇರುತ್ತೆ ದೊಡ್ಡಪ್ಪ, ವೈಫೈ ಡಬ್ಬಕ್ಕೂ ಒಂದು ಯುಪಿಎಸ್ ಹಾಕ್ತೀನಿ."

"ಪುಸ್ತಕ ನಾನು ಬಿಡಲ್ಲ ನೋಡು."

ಬಿಡ್ಬಾರ್ದು ಕೂಡ. ಇದು ಪುಸ್ತಕದ ಕಾಪಿ ಅಷ್ಟೇ, ಅಸಲಿ ಪುಸ್ತಕಾನೇ. ರೌಟರಿಗೆ ಅಂತಾನೇ ಬರೋ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿದ್ದಾಯ್ತು. ಮುಚ್ಚಳ ಮುಚ್ಚಿದ್ರೆ ನೆಟ್‌ಬುಕ್ ನಿದ್ದೆಗೆ ಜಾರ್ಬಾರ್ದು, ಅದಕ್ಕೆ ಲಾಗಿನ್‌ಡಿ ಕಾನ್ಫಿಗ್ ಫೈಲಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನೋದನ್ನ ಇಗ್ನೋರ್ ಮಾಡಿ ರೀಬೂಟ್ ಮಾಡ್ದೆ.

ಈಗ ಕಂಪೈಲ್ ಕಥೆ, ಅಂದ್ರೆ ಸಿ ಸೋರ್ಸನ್ನ ಓಡೋ ಪ್ರೋಗ್ರಾಮಾಗಿ ಮಾಡಿದ್ದು. ಶುರು ಮಾಡೋ ಹೊತ್ತಿಗೆ ಗಾಳಿಗೆ ಒಂದು ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬಿದ್ದು ನೆಟ್ ಇರ್ಲಿಲ್ಲ, ಕೈಲಿದ್ದದ್ದು ಹಳೇ ಪೆನ್‌ಡ್ರೈವಲ್ಲಿದ್ದ ಟಿಎಚ್‌ಟಿಟಿಪಿಡಿ 2.25ಬಿ ಸೋರ್ಸಿನ ಟಾರ್‌ಬಾಲ್, 2003ರದ್ದು. ಬಿಲ್ಡ್ ಎಸೆನ್ಷಿಯಲ್ ಪ್ಯಾಕೇಜ್ ಮೊದ್ಲೇ ಹಾಕಿಟ್ಟಿದ್ದೆ, ಜಿಸಿಸಿ 12 ಕಂಪೈಲರ್ ಇತ್ತು. ಟಾರ್ ಬಿಚ್ಚಿ ಡಾಟ್ ಸ್ಲಾಶ್ ಕಾನ್ಫಿಗರ್ ಅಂದ್ರೆ ಚೆನ್ನಾಗೇ ಓಡ್ತು, ಮೇಕ್ ಅಂದಾಗ ಸರ್ವರ್ ಕಂಪೈಲ್ ಆಗಿ, ಎಕ್ಸ್‌ಟ್ರಾಸ್ ಫೋಲ್ಡರಿಗೆ ಹೋದ್ಮೇಲೆ ಎಚ್‌ಟಿಪಾಸ್‌ಡಬ್ಲ್ಯುಡಿ.ಸಿ ಹತ್ರ ನಿಂತುಬಿಡ್ತು. ಗೆಟ್‌ಲೈನ್ ಅನ್ನೋ ಫಂಕ್ಷನ್ನಿಗೆ ಕಾನ್‌ಫ್ಲಿಕ್ಟಿಂಗ್ ಟೈಪ್ಸ್ ಅಂತ ಎರರ್ರು.

ಇದಕ್ಕೆ ಕಾರಣ ತಿಳ್ಕೊಳ್ಳೋ ಹಾಗಿದೆ. ಈ ಕೋಡ್ ಬರೆದಾಗ ಸ್ಟ್ಯಾಂಡರ್ಡ್ ಸಿ, ಯುನಿಕ್ಸ್ ಎರಡರಲ್ಲೂ ಗೆಟ್‌ಲೈನ್ ಅಂತ ಹೆಸರು ಖಾಲಿ ಇತ್ತು, ಜಿಎನ್‌ಯು ಲೈಬ್ರರೀಲಿ ಮಾತ್ರ ಎಕ್ಸ್‌ಟೆನ್ಷನ್ ಆಗಿ ಇತ್ತು, ಸುಮ್ನೆ ಕಂಪೈಲ್ ಮಾಡಿದ್ರೆ ಕಾಣ್ತಿರ್ಲಿಲ್ಲ. ಹಂಗಾಗಿ ಎಷ್ಟೋ ಪ್ರೋಗ್ರಾಮುಗಳು ತಮ್ಮದೇ ಗೆಟ್‌ಲೈನ್ ಬರ್ಕೊಂಡಿದ್ವು. ಯುನಿಕ್ಸ್ ಥರದ ಸಿಸ್ಟಮ್ಮುಗಳಿಗೆ ಇರೋ 2008ರ ಪಾಸಿಕ್ಸ್ ಸ್ಟ್ಯಾಂಡರ್ಡಲ್ಲಿ ಗೆಟ್‌ಲೈನ್ ಅಧಿಕೃತ ಆಯ್ತು, ಆ ಜಿಎನ್‌ಯು ಲೈಬ್ರರಿ, ಅಂದ್ರೆ ಜಿಲಿಬ್‌ಸಿ, ಅದನ್ನ ಎಸ್‌ಟಿಡಿಐಓ ಹೆಡರಲ್ಲಿ ಎಲ್ರಿಗೂ ಕಾಣೋ ಹಾಗೆ ಇಡ್ತು, ಹಳೇ ಪ್ರೋಗ್ರಾಮುಗಳೆಲ್ಲ ಅಲ್ಲಿ ಡಿಕ್ಕಿ ಹೊಡೆದ್ವು. ಪರಿಹಾರ ಸುಲಭ, ಸೆಡ್ ಕಮಾಂಡಲ್ಲಿ ಆ ಒಂದು ಫೈಲಲ್ಲಿ ಗೆಟ್‌ಲೈನ್ ಇದ್ದಲ್ಲೆಲ್ಲ ಮೈ ಗೆಟ್‌ಲೈನ್ ಅಂತ ಮಾಡಿದ್ರೆ ಆಯ್ತು. ಮತ್ತೆ ಮೇಕ್, ಪಾಸು.

ಮೇಕ್ ಇನ್‌ಸ್ಟಾಲ್ ಹೊತ್ತಿಗೆ ಇನ್ನೆರಡು ಅಡ್ಡಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಅನ್ನೋ ಗ್ರೂಪ್ ಸಿಸ್ಟಮಲ್ಲಿ ಇರ್ಬೇಕು, ಡೆಬಿಯನ್ನಲ್ಲಿ ಅದಿಲ್ಲ, ಇರೋದು ಡಬ್ಲ್ಯುಡಬ್ಲ್ಯುಡಬ್ಲ್ಯು ಡೇಟಾ. ಮೇಕ್‌ವೆಬ್ ಅನ್ನೋ ಸಣ್ಣ ಪ್ರೋಗ್ರಾಮನ್ನ ಆ ಗ್ರೂಪಿಗೆ ಸೆಟ್‌ಜಿಐಡಿ ಮಾಡ್ಬೇಕಲ್ಲ (ಯಾರು ಓಡಿಸಿದ್ರೂ ಆ ಗ್ರೂಪಿನ ಹಕ್ಕಲ್ಲೇ ಓಡೋ ಹಾಗೆ), ಅಲ್ಲಿ ಗ್ರೂಪ್ ಬದಲಾಯಿಸೋ ಸಿಎಚ್‌ಗ್ರೂಪ್ ಕಮಾಂಡ್ ಬಿದ್ದೋಗುತ್ತೆ. ಗ್ರೂಪ್‌ಆಡ್ ಮಾಡಿ, ಅದೇ ಹೆಸರಲ್ಲಿ ಲಾಗಿನ್ ಇಲ್ಲದ ಒಂದು ಯೂಸರನ್ನೂ ಮಾಡಿಟ್ಟೆ. ಎರಡನೇದು ಲೋಕಲ್ ಮ್ಯಾನ್ ಫೋಲ್ಡರಲ್ಲಿ ಮ್ಯಾನ್1 ಇರಲ್ಲ, ಎಂಕೆಡಿರ್ ಮಾಡಿ ಕೊಟ್ರೆ ಮುಂದೆ ಹೋಗುತ್ತೆ.

ಪುಟ ತೆರೆದ್ರೆ ಕನ್ನಡ ಬರ್ಬೇಕಾದ ಕಡೆ ತಲೆ ಮೇಲೆ ಕೊಂಬು ಇರೋ ಯುರೋಪಿನ ಅಕ್ಷರಗಳ ಸಾಲು. ಎಚ್‌ಟಿಎಂಎಲ್ ಒಳಗೆ ಮೆಟಾ ಟ್ಯಾಗಲ್ಲಿ ಯುಟಿಎಫ್-8 ಅಂತ ಸರಿಯಾಗೇ ಬರೆದಿತ್ತು. ಕರ್ಲಲ್ಲಿ ಹೆಡರ್ ಮಾತ್ರ ತರಿಸಿ ನೋಡಿದ್ರೆ ಕಂಟೆಂಟ್ ಟೈಪ್ ಜೊತೆ ಚಾರ್‌ಸೆಟ್ ಐಎಸ್ಓ-8859-1 ಅಂತ ಸರ್ವರ್ರೇ ಹೇಳ್ತಾ ಇದೆ. ಸರ್ವರ್ ಹೆಡರಲ್ಲಿ ಒಂದು ಚಾರ್‌ಸೆಟ್, ಪುಟದ ಮೆಟಾದಲ್ಲಿ ಇನ್ನೊಂದು ಅಂದ್ರೆ ಬ್ರೌಸರ್ ನಂಬೋದು ಹೆಡರನ್ನ. ಕನ್ನಡದ ಒಂದೊಂದು ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟು, ಆ ಮೂರನ್ನ ಮೂರು ಬೇರೆ ಅಕ್ಷರ ಅಂತ ಓದಿದ್ರೆ ಇನ್ನೇನಾಗುತ್ತೆ. ಕಾನ್ಫಿಗ್ ಫೈಲಲ್ಲಿ ಚಾರ್‌ಸೆಟ್ ಅಂತ ಒಂದು ಸಾಲು ಹಾಕಿ ಯುಟಿಎಫ್-8 ಕೊಟ್ಟ ತಕ್ಷಣ ಕನ್ನಡ ಬಂತು. ಯಾವ ವರ್ಷನ್ ಆದ್ರೂ ಕನ್ನಡ ಪುಟ ಇಡೋರು ಈ ಸಾಲು ಬರೆದೇ ಬಿಡಿ, ಡಿಫಾಲ್ಟ್ ಏನಿರುತ್ತೋ ಅಂತ ನಂಬ್ಕೊಂಡು ಕೂರೋ ವಿಷಯ ಅಲ್ಲ.

ನೆಟ್ ವಾಪಸ್ ಬಂದ್ಮೇಲೆ 2.29 ಇಳಿಸಿ ಅದನ್ನೇ ಹಾಕ್ದೆ. 2.25ಬಿ ಕಲಿಯೋಕೆ ಸರಿ, ಓಡಿಸೋಕೆ ಬೇಡ. ಅದ್ರ ಲಾಗ್ ಫೈಲ್ ಯಾರು ಬೇಕಾದ್ರೂ ಓದೋ ಪರ್ಮಿಷನಲ್ಲಿ ತಯಾರಾಗೋ ದೋಷ 2013ರಲ್ಲಿ ಭದ್ರತಾ ದೋಷಗಳ ಸಿವಿಇ ಪಟ್ಟಿಗೇ ಸೇರಿದೆ. ಹೊಸದ್ರಲ್ಲಿ ಗೆಟ್‌ಲೈನ್ ತಕರಾರು ಬರ್ಲಿಲ್ಲ, ಗ್ರೂಪ್ ಮಾಡಿಟ್ಟಿದ್ರಿಂದ ಇನ್‌ಸ್ಟಾಲೂ ಸಲೀಸು.

ಕಾನ್ಫಿಗರೇಷನ್ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಈ ಸರ್ವರಿನ ಜಾಣತನ ಇರೋದೇ ಇಲ್ಲಿ. ಎಸ್‌ಆರ್‌ವಿ ಒಳಗೆ ಮಳೆ ಅಂತ ಒಂದು ಫೋಲ್ಡರ್, ಅದ್ರೊಳಗೆ ಪುಟಗಳಿಗೊಂದು, ಲಾಗಿಗೊಂದು ಫೋಲ್ಡರ್. ಡಿರ್ ಅನ್ನೋದಕ್ಕೆ ಮಳೆ ಫೋಲ್ಡರ್ ಕೊಟ್ಟು, ಸಿಎಚ್‌ರೂಟ್ ಅಂತ ಒಂದು ಸಾಲು ಬರೆದು, ಡೇಟಾ ಡಿರ್ ಅನ್ನೋದಕ್ಕೆ ಪುಟಗಳ ಫೋಲ್ಡರ್ ಕೊಟ್ಟೆ. ಅಂದ್ರೆ ಸರ್ವರ್ ಪಾಲಿಗೆ ಇಡೀ ಡಿಸ್ಕ್ ಅಂದ್ರೆ ಮಳೆ ಫೋಲ್ಡರ್ ಅಷ್ಟೇ, ಅದ್ರಿಂದ ಆಚೆ ದಾರೀನೇ ಇಲ್ಲ, ಅದ್ರಲ್ಲೂ ಜನಕ್ಕೆ ಕಾಣೋದು ಪುಟಗಳ ಫೋಲ್ಡರ್ ಮಾತ್ರ. ಪೋರ್ಟ್ 80, ಯೂಸರ್ ನಾನು ಮಾಡಿದ್ದು. ಡಿಫಾಲ್ಟ್ ಯೂಸರ್ ನೋಬಡಿ, ಆದ್ರೆ ಬೇರೆ ಸರ್ವಿಸ್ಸೂ ನೋಬಡಿ ಹೆಸರಲ್ಲಿ ಓಡ್ತಿದ್ರೆ ಒಂದು ಕೆಟ್ಟಾಗ ಇನ್ನೊಂದಕ್ಕೂ ಕೈ ಹಾಕ್ಬೋದು, ಅದಕ್ಕೆ ಬೇರೆ ಯೂಸರ್.

ಟಿಎಚ್‌ಟಿಟಿಪಿಡಿ.ಸಿ ಫೈಲಲ್ಲಿ ಮೇನ್ ಫಂಕ್ಷನ್ ಓದಿದ್ರೆ ಇದು ಎಷ್ಟು ಅಚ್ಚುಕಟ್ಟು ಅಂತ ಗೊತ್ತಾಗುತ್ತೆ. 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯೋಕೆ ರೂಟ್ (ಪೂರ್ತಿ ಅಧಿಕಾರ ಇರೋ ಯೂಸರ್) ಬೇಕು, ಸಿಎಚ್‌ರೂಟ್ ಮಾಡೋಕೂ ರೂಟ್ ಬೇಕು, ಅದಕ್ಕೆ ರೂಟಾಗಿ ಶುರುವಾಗಿ ಆ ಕೆಲಸ ಎಲ್ಲ ಮುಗಿಸಿ ಆಮೇಲೆ ರೂಟ್ ಬಿಟ್ಕೊಡುತ್ತೆ. ಸಿಎಚ್‌ರೂಟ್ ಒಳಗೆ ಹೋದ್ಮೇಲೆ ಟೈಮ್‌ಜೋನ್ ಫೈಲ್ ಕೈಗೆ ಸಿಗಲ್ಲ, ಅದಕ್ಕೆ ಒಳಗೆ ಹೋಗೋ ಮುಂಚೆನೇ ಟೈಮ್‌ಜೋನ್ ಓದ್ಕೊಂಡುಬಿಡುತ್ತೆ, ಪಕ್ಕದಲ್ಲೇ ಕಾಮೆಂಟಲ್ಲಿ ಕಾರಣಾನೂ ಬರೆದಿದೆ. ಲಾಗ್ ಫೈಲ್ ಸಿಎಚ್‌ರೂಟ್ ಮರದಿಂದ ಹೊರಗಿದ್ರೆ ಮುಂದೆ ಅದನ್ನ ಮತ್ತೆ ತೆರೆಯೋಕಾಗಲ್ಲ ಅಂತ ಸಿಸ್‌ಲಾಗಲ್ಲಿ ಎಚ್ಚರಿಕೆ ಕೊಡುತ್ತೆ. ಲಾಗ್ ಫೋಲ್ಡರನ್ನ ಮಳೆ ಫೋಲ್ಡರ್ ಒಳಗೇ ಇಟ್ಟಿದ್ದು ಇದಕ್ಕೇ. ಲಾಗ್‌ರೊಟೇಟ್ ಹಳೇ ಫೈಲಿನ ಹೆಸರು ಬದಲಾಯಿಸಿ ಹಪ್ ಸಿಗ್ನಲ್ ಕಳ್ಸಿದ್ರೆ ಹೊಸ ಫೈಲ್ ತೆರೆದು ಬರೆಯೋಕೆ ಶುರು ಮಾಡುತ್ತೆ.

ಈಗ ನನಗೆ ತುಂಬಾ ಖುಷಿ ಕೊಟ್ಟ ಭಾಗ. ತೋಟದ ಫೋಟೋಗಳೂ ಇರ್ಲಿ ಅಂತ ಪೆನ್‌ಡ್ರೈವಿಂದ ಒಂದಷ್ಟು ಕಾಪಿ ಮಾಡ್ದೆ, ಹೂ ಬಿಟ್ಟಾಗಿನ ಫೋಟೋಗಳು. ಪುಟ ಬರುತ್ತೆ, ಫೋಟೋ ಬರಲ್ಲ, 403 ಫರ್‌ಬಿಡನ್. ಫೈಲ್ ಎಲ್ರೂ ಓದೋ ಹಾಗಿದೆ, ಫೋಲ್ಡರ್ ಸರಿ ಇದೆ. ಎರರ್ ಪುಟದಲ್ಲಿದ್ದ ವಾಕ್ಯವನ್ನ ಹಾಗೇ ಲಿಬ್‌ಎಚ್‌ಟಿಟಿಪಿಡಿ.ಸಿ ಒಳಗೆ ಗ್ರೆಪ್ ಮಾಡಿದ್ರೆ ನೇರ ಜಾಗಕ್ಕೆ ಕರ್ಕೊಂಡೋಯ್ತು: ಫೈಲಿಗೆ ಎಕ್ಸಿಕ್ಯೂಟ್ ಬಿಟ್ ಇದೆ, ಆದ್ರೆ ಅದು ಸಿಜಿಐ (ಸರ್ವರ್ ಓಡಿಸಿ ಉತ್ತರ ಕೊಡೋ ಪ್ರೋಗ್ರಾಮು) ಅಲ್ಲ, ಅದಕ್ಕೆ ಕೊಡಲ್ಲ ಅಂತ. ಯೋಚನೆ ಮಾಡಿದ್ರೆ ನ್ಯಾಯವಾಗೇ ಇದೆ, ಓಡಿಸ್ಬೇಕಾದ ಸ್ಕ್ರಿಪ್ಟ್ ಯಾವುದೋ ಕಾನ್ಫಿಗ್ ತಪ್ಪಿಂದ ಫೈಲಾಗಿ ಹೊರಗೆ ಹೋದ್ರೆ ಒಳಗಿನ ಪಾಸ್‌ವರ್ಡ್ ಎಲ್ಲ ಬಯಲಾಗುತ್ತೆ, ಅದನ್ನ ತಡೆಯೋಕೆ ಈ ಪರೀಕ್ಷೆ. ಫೋಟೋಗೆ ಎಕ್ಸಿಕ್ಯೂಟ್ ಬಿಟ್ ಬಂದಿದ್ದು ಪೆನ್‌ಡ್ರೈವಿಂದ. ಫ್ಯಾಟ್ ಫೈಲ್‌ಸಿಸ್ಟಮಲ್ಲಿ ಯುನಿಕ್ಸ್ ಪರ್ಮಿಷನ್ ಅಂತ ಇರಲ್ಲ, ಮೌಂಟ್ ಮಾಡಿದಾಗ ಲಿನಕ್ಸ್ ಎಲ್ಲಾ ಫೈಲಿಗೂ 755 ಅಂತ ತೋರಿಸ್ತಿತ್ತು, ಕಾಪಿ ಮಾಡಿದ್ರೆ ಅದೇ ಜೊತೇಲಿ ಬಂತು. ಸಿಎಚ್‌ಮಾಡ್ 644 ಮಾಡಿದ್ಮೇಲೆ ಎಲ್ಲಾ ಫೋಟೋನೂ ಬಂತು. ಸಣ್ಣ ಸರ್ವರ್ ಅಂದ್ರೆ ನನಗೆ ಇದು, ಎರರ್ರಿಂದ ಸೋರ್ಸಿನ ಸಾಲಿಗೆ ಒಂದೇ ಹೆಜ್ಜೆ, ಎಲ್ಲೂ ಹುಡುಕಿ ಬೇರೆಯವ್ರನ್ನ ಕೇಳೋ ಅಗತ್ಯ ಬೀಳ್ಲಿಲ್ಲ.

ಫೋಟೋ ಇಟ್ಟ ಮೇಲೆ ಥ್ರಾಟಲ್, ಅಂದ್ರೆ ವೇಗಕ್ಕೊಂದು ಮಿತಿ, ಬೇಕು. ಅಕ್ಕ ಬೆಂಗ್ಳೂರಿಂದ ಫೋಟೋ ತೆರೆದ್ರೆ ನಮ್ಮ ಅಪ್‌ಲೋಡ್ ಪೂರ್ತಿ ಅದಕ್ಕೇ ಹೋಗ್ಬಾರ್ದು. ಥ್ರಾಟಲ್ ಫೈಲಲ್ಲಿ ಎಡಗಡೆ ಪ್ಯಾಟರ್ನ್, ಬಲಗಡೆ ಸೆಕೆಂಡಿಗೆ ಎಷ್ಟು ಬೈಟ್ ಅಂತ ಬರೀಬೇಕು. ಇಲ್ಲೊಂದು ಗಮನಿಸಿ, ಒಂದು ನಕ್ಷತ್ರ ಸ್ಲಾಶ್ ದಾಟಲ್ಲ, ಎರಡು ನಕ್ಷತ್ರ ದಾಟುತ್ತೆ. ಫೋಟೋಗಳು ಒಳಗಿನ ಫೋಲ್ಡರಲ್ಲಿರೋದ್ರಿಂದ ಎರಡು ನಕ್ಷತ್ರ ಹಾಕಿ ಡಾಟ್ ಜೆಪಿಜಿ ಅಂತ ಬರೆದು 1,00,000 ಕೊಟ್ಟಿದ್ದೀನಿ. ಮಿತಿ ಒಬ್ಬೊಬ್ರಿಗೆ ಅಲ್ಲ, ಎಲ್ಲಾ ಕನೆಕ್ಷನ್ ಸೇರಿ. ಮಳೆ ಪುಟಕ್ಕೆ ಮಿತಿ ಇಟ್ಟಿಲ್ಲ, ಅದು ಕೆಲವೇ ಕೆಬಿ.

ಬೂಟಲ್ಲಿ ತಾನೇ ಏಳೋಕೆ, ಸರ್ವಿಸ್ಸುಗಳನ್ನ ನೋಡ್ಕೊಳ್ಳೋ ಸಿಸ್ಟಮ್‌ಡಿಗೆ ಯುನಿಟ್ ಫೈಲ್ ಒಂದು ಬರೆದೆ. ಸರ್ವರಿಗೆ ಡಿ ಅನ್ನೋ ದೊಡ್ಡಕ್ಷರದ ಫ್ಲ್ಯಾಗ್ ಕೊಟ್ರೆ ಅದು ಹಿನ್ನೆಲೆಗೆ ಹೋಗದೆ ಎದುರಲ್ಲೇ ಓಡುತ್ತೆ, ಸಿಸ್ಟಮ್‌ಡಿಗೆ ಕಣ್ಣಿಡೋಕೆ ಅದೇ ಸುಲಭ. ಯುನಿಟಲ್ಲಿ ಯೂಸರ್ ಅಂತ ಸಾಲು ಹಾಕ್ಬೇಡಿ, ಹಾಕಿದ್ರೆ ಪೋರ್ಟೂ ತೆರೆಯಲ್ಲ ಸಿಎಚ್‌ರೂಟೂ ಆಗಲ್ಲ. ಫೈರ್‌ವಾಲಲ್ಲಿ 22, 80 ಬಿಟ್ಟು ಮಿಕ್ಕಿದ್ದು ಬಂದ್, ರೌಟರಲ್ಲಿ ನೆಟ್‌ಬುಕ್ಕಿಗೆ ಒಂದೇ ಐಪಿ ಸಿಗೋ ಹಾಗೆ ಮಾಡಿದ್ದು, ಇದೆಲ್ಲ ಮಾಮೂಲಿ.

ಪುಟ ತಯಾರಾಗೋ ಬಗೆ ಹೇಳ್ಬೇಕು. ಸಿಜಿಐ ಇಟ್ಟಿಲ್ಲ. ಸಿಎಚ್‌ರೂಟ್ ಒಳಗೆ ಶೆಲ್ಲೇ ಇಲ್ಲ, ಶೆಲ್ ಸ್ಕ್ರಿಪ್ಟ್ ಓಡ್ಬೇಕಂದ್ರೆ ಶೆಲ್ಲು, ಲೈಬ್ರರಿ ಎಲ್ಲ ಒಳಗೆ ತಂದಿಡ್ಬೇಕು, ಆಮೇಲೆ ಸಿಎಚ್‌ರೂಟ್ ಮಾಡಿ ಏನು ಪ್ರಯೋಜನ. ಅದ್ರ ಬದಲು ಲೆಕ್ಕ ಒಂದು ಸಿಎಸ್‌ವಿ ಫೈಲಲ್ಲಿ, ದಿನಕ್ಕೊಂದು ಸಾಲು, ತಾರೀಕು ಮತ್ತೆ ಸೆಂಟ್ಸ್. ಇಂಚನ್ನ ದಶಾಂಶದಲ್ಲಿ ಇಟ್ಟಿಲ್ಲ, 85 ಸೆಂಟ್ಸ್ ಅಂದ್ರೆ 85 ಅಂತ ಪೂರ್ಣಾಂಕ, ಕೂಡಿಸೋವಾಗ ಚೂರುಪಾರು ತಪ್ಪು ನುಸುಳಲ್ಲ, ಮಿಮೀ ಬೇಕಾದ್ರೆ 0.254ರಿಂದ ಗುಣಿಸಿದ್ರೆ ಆಯ್ತು. ಎಂಟ್ರಿ ಮಾಡೋದು ದೊಡ್ಡಪ್ಪನ ಮಗಳು, ಫೋನಲ್ಲಿರೋ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋದು) ಆಪಿಂದ. ಅವಳ ಕೀಗೆ ಆಥರೈಸ್ಡ್ ಕೀಸ್ ಫೈಲಲ್ಲಿ ಒಂದೇ ಕಮಾಂಡ್ ಕಟ್ಟಿಟ್ಟು, ಮಿಕ್ಕಿದ್ದೆಲ್ಲ ಬಂದ್ ಮಾಡೋ ರೆಸ್ಟ್ರಿಕ್ಟ್, ಟರ್ಮಿನಲ್ ಮಾತ್ರ ಕೊಡೋ ಪಿಟಿವೈ ಎರಡೂ ಹಾಕಿದ್ದೀನಿ. ಕನೆಕ್ಟ್ ಮಾಡಿದ ಕೂಡ್ಲೇ "ಇವತ್ತು ಎಷ್ಟು ಸೆಂಟ್ಸ್?" ಅಂತ ಕೇಳುತ್ತೆ, ನಂಬರ್ ಕೊಟ್ರೆ ಫೈಲಿಗೆ ಸೇರಿ ಕನೆಕ್ಷನ್ ಮುಚ್ಚುತ್ತೆ, 2000 ದಾಟಿದ ನಂಬರ್ ಬಂದ್ರೆ ಮತ್ತೊಂದ್ಸಲ ಕೇಳುತ್ತೆ. ಬೇರೆ ಏನನ್ನೂ ಆ ಕೀ ಮಾಡೋಕಾಗಲ್ಲ.

ಆಮೇಲೆ ಫೈಲನ್ನ ಸಾಲುಸಾಲಾಗಿ ಓದಿ ಲೆಕ್ಕ ಮಾಡೋ ಆಕ್ ಸ್ಕ್ರಿಪ್ಟ್ ಪುಟ ಕಟ್ಟುತ್ತೆ, ಈ ತಿಂಗಳು, ಈ ವರ್ಷ, ಹೋದ ವರ್ಷ ಇದೇ ದಿನದವರೆಗೆ ಎಷ್ಟು ಅಂತ. ಪುಟವನ್ನ ನೇರ ಹಳೇ ಫೈಲಿನ ಮೇಲೆ ಬರೆಯೋದಿಲ್ಲ. ಸರ್ವರ್ ಆ ಫೈಲನ್ನ ಮೆಮರಿಗೆ ಮ್ಯಾಪ್ ಮಾಡಿ ಇಟ್ಕೊಂಡಿರುತ್ತೆ, ಯಾರೋ ಓದ್ತಿರೋವಾಗ ಫೈಲನ್ನ ಮೊಟಕು ಮಾಡಿದ್ರೆ ಅವರಿಗೆ ಅರ್ಧ ಪುಟ ಹೋಗುತ್ತೆ. ಅದಕ್ಕೆ ಪಕ್ಕದಲ್ಲಿ ತಾತ್ಕಾಲಿಕ ಫೈಲ್ ಬರೆದು ಎಂವಿ ಮಾಡೋದು, ಒಂದೇ ಫೈಲ್‌ಸಿಸ್ಟಮಲ್ಲಿ ಎಂವಿ ಅಂದ್ರೆ ಹೆಸರು ಬದಲಾಗೋದಷ್ಟೇ, ನಡುವೆ ಅರ್ಧಂಬರ್ಧ ಸ್ಥಿತಿ ಇರಲ್ಲ. ಎಂಕೆಟೆಂಪ್ ಮಾಡೋ ಫೈಲ್ 600 ಪರ್ಮಿಷನಲ್ಲಿ ಹುಟ್ಟುತ್ತೆ, ಎಲ್ರೂ ಓದೋ ಹಾಗಿಲ್ಲದ ಫೈಲನ್ನ ಈ ಸರ್ವರ್ ಕೊಡೋದೇ ಇಲ್ಲ, ಹಂಗಾಗಿ ಎಂವಿಗೆ ಮುಂಚೆ ಸಿಎಚ್‌ಮಾಡ್ 644.

ಹೊರಗಿಂದ ನೋಡೋ ವ್ಯವಸ್ಥೆ. ರೌಟರಿನ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾದ್ರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರ ಅಂತ (ನೆಟ್ ಕಂಪನಿ ಒಂದೇ ಹೊರ ಐಪಿಯನ್ನ ಎಷ್ಟೋ ಮನೆಗೆ ಹಂಚಿರುತ್ತೆ), ಪೋರ್ಟ್ ಫಾರ್ವರ್ಡ್ ಎಷ್ಟೇ ಮಾಡಿದ್ರೂ ಹೊರಗಿಂದ ಯಾರೂ ಒಳಗೆ ಬರೋಕಾಗಲ್ಲ. ನಮ್ಮದು ಹಾಗೇ. ಅದಕ್ಕೆ ಒಂದು ಚಿಕ್ಕ ವಿಪಿಎಸ್ (ಡೇಟಾ ಸೆಂಟರಲ್ಲಿರೋ ವರ್ಚುವಲ್ ಸರ್ವರ್) ಬಾಡಿಗೆಗೆ ತಗೊಂಡು, ನೆಟ್‌ಬುಕ್ಕಿಂದ ಅಲ್ಲಿಗೆ ಎಸ್‌ಎಸ್‌ಎಚ್ ರಿವರ್ಸ್ ಟನಲ್, ವಿಪಿಎಸ್‌ನ 8081ಕ್ಕೆ ಬಂದದ್ದು ನಮ್ಮನೆ 80ಕ್ಕೆ ಬರೋ ಹಾಗೆ. ಸರ್ವರ್ ಅಲೈವ್ ಇಂಟರ್ವಲ್ 30 ಕೊಟ್ಟು, ಫಾರ್ವರ್ಡ್ ಆಗದಿದ್ರೆ ಹೊರಗೆ ಬಾ ಅನ್ನೋ ಆಪ್ಷನ್ ಹಾಕಿ, ಸಿಸ್ಟಮ್‌ಡಿಗೆ ಯಾವಾಗ್ಲೂ ರೀಸ್ಟಾರ್ಟ್ ಮಾಡು ಅಂದಿದ್ದೀನಿ, ಲೈನ್ ಬಂದ ತಕ್ಷಣ ಟನಲ್ ತಾನೇ ಕೂಡ್ಕೊಳ್ಳುತ್ತೆ. ವಿಪಿಎಸ್ ಮೇಲೆ ಎಂಜಿನ್‌ಎಕ್ಸ್, ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್. ಸರ್ಟಿಫಿಕೇಟ್ ಕೆಲಸ, ಕಂಡೋರೆಲ್ಲ ಬಾಗಿಲು ತಟ್ಟೋ ಕಾಟ, ಎಲ್ಲ ಅದ್ರ ಪಾಲಿಗೆ.

ಈಗ ಹಳೇ ಪುಸ್ತಕಗಳನ್ನ ಸಿಎಸ್‌ವಿಗೆ ಏರಿಸ್ತಾ ಇದ್ದೀವಿ, ಅಲ್ಲಿ ಒಂದು ವಿಷಯಕ್ಕೆ ದೊಡ್ಡಪ್ಪನ ಜೊತೆ ಕೂತು ನಿರ್ಧಾರ ಮಾಡ್ಬೇಕಾಯ್ತು. ಮಳೆ ಇಲ್ಲದ ದಿನ ಅವ್ರು ಸೊನ್ನೆ ಬರೀತಾರೆ, ಊರಲ್ಲಿ ಇಲ್ಲದ ದಿನ ಜಾಗ ಖಾಲಿ ಬಿಡ್ತಾರೆ. ಆಕ್‌ಗೆ ಖಾಲಿ ಜಾಗ ಕೂಡಿಸು ಅಂದ್ರೆ ಸೊನ್ನೆ ಅಂತ್ಲೇ ಕೂಡಿಸುತ್ತೆ, ದೂರೋದೂ ಇಲ್ಲ. "ಖಾಲಿ ಇದ್ರೆ ಮಳೆ ಇಲ್ಲ ಅಂತಲ್ಲ ಮಗ, ನೋಡೋರಿಲ್ಲ ಅಂತ" ಅಂದ್ರು. ಅದಕ್ಕೆ ಅಂಥ ದಿನಕ್ಕೆ ಅಡ್ಡಗೆರೆ ಹಾಕಿ, ಆ ತಿಂಗಳ ಮೊತ್ತದ ಪಕ್ಕ "ಇಷ್ಟು ದಿನ ದಾಖಲೆ ಇಲ್ಲ" ಅಂತ ಕಾಣೋ ಹಾಗೆ ಸ್ಕ್ರಿಪ್ಟ್ ತಿದ್ದಿದ್ದೀನಿ, ಹಾಗೆ ದಾಖಲೆ ತಪ್ಪಿದ ತಿಂಗಳನ್ನ ಸರಾಸರಿಗೆ ಸೇರಿಸ್ತಾ ಇಲ್ಲ.